ಜೇನು ಸುರಿಸಿದ ಸಜ್ಜೆ

ಬಿಳಿಚೋಡಿನಿಂದ ದನ ಮೇಯುವ ಕಾವಲಿನ ದಾರಿ ಹಿಡಿದರೆ ಮೊದಲು ಸಿಗುವುದೇ ಕೊಲ್ಲಾಪುರಮ್ಮನ ಹೊಲ. ಸುತ್ತಲೂ ಮುಳ್ಳುಬೇಲಿ. ಅದೂ ಎಂಥ ಬೇಲಿ ಅಂತೀರಿ, ಕೋಳಿಮರಿ ಕೂಡ ನುಸುಳುವುದಿಲ್ಲ. ಆದರೆ ಬಡಗಣ ಮೂಲೆಯಲ್ಲಿ, ಕಾವಲಿಗೆ ಅಂಟಿಕೊಂಡ ಕಡೆ, ಒಂದು ಹಸು ಆರಾಮಾಗಿ ತೂರುವಷ್ಟು ಕಂಡಿ ಇದೆ. ಇಷ್ಟು ಅಚ್ಚುಕಟ್ಟಾಗಿ ಬೇಲಿ ಕಟ್ಟಿದವಳು ಅದೊಂದನ್ನು ಮಾತ್ರ ಯಾಕೆ ಬಿಟ್ಟಳು ಎಂದು ದಾರಿಹೋಕರಿಗೆಲ್ಲ ತಲೆನೋವು. ಬುದ್ಧಿ ಹೇಳಲು ಬಂದವರಿಗೆ ಆಕೆಯದು ಒಂದೇ ಉತ್ತರ: "ಹೊಲ ನಿಂದಲ್ಲ, ಮುಳ್ಳು ನಿಂದಲ್ಲ. ನಡಿ ನಿನ್ ದಾರೀಲಿ."

ಎಂಬತ್ತೆಂಟನೇ ಇಸವಿಯ ಸುಗ್ಗಿ. ಕೊಯ್ಲು ಶುರುವಾಗಿ ನಾಲ್ಕು ದಿನವಾಗಿತ್ತು. ನಾಲ್ಕು ದಿನದಿಂದಲೂ ಅರವತ್ತೈದರ ಕೊಲ್ಲಾಪುರಮ್ಮ ಕೆಲಸವನ್ನೆಲ್ಲ ಸೊಸೆ ಅಂಜಮ್ಮನಿಗೆ ಬಿಟ್ಟು, ಆ ಕಂಡಿಯ ಪಕ್ಕ ಕಲ್ಲಿನ ಮೇಲೆ ಕೂತಿದ್ದಳು. ಮನೆಯಲ್ಲಿ ಹೊಸ ಸಜ್ಜೆಯ ಒಂದು ಕಾಳನ್ನೂ ಬೀಸಿರಲಿಲ್ಲ.

"ಅತ್ತೆ, ಊರೋರೆಲ್ಲ ಹೊಸ ರೊಟ್ಟಿ ಉಂಡು ಕೈ ತೊಳೆದ್ರು. ನಮಗೆ ಇವತ್ತೂ ಹಳೇ ಜೋಳಾನೇ ಏನು?" ಎಂದು ಅಂಜಮ್ಮ ಕುಡುಗೋಲು ಹಿಡಿದುಕೊಂಡೇ ಕೇಳಿದಳು.

"ಹಳೇ ಜೋಳ ತಿಂದು ಸತ್ತೋರಿಲ್ಲ. ಬಾಯ್ಮುಚ್ಕಂಡು ಕೊಯ್ಯಿ."

ಬೈದಳೇನೋ ಬೈದಳು, ಆದರೆ ಆಕೆಯ ಕಣ್ಣು ಕಾವಲಿನ ಮೇಲೇ ಇತ್ತು. ಈ ಸಲ ದೇವರ ದನ ಬರುತ್ತವೋ ಇಲ್ಲವೋ? ಕಾಯುವವನು ಬದಲಾಗಿದ್ದ. ಹನ್ನೆರಡು ಸುಗ್ಗಿಗೂ ತಪ್ಪದೆ ದನ ಹೊಡೆದುಕೊಂಡು ಬಂದ ತಮ್ಮ ದುರುಗಣ್ಣ ಕಳೆದ ಮಾಘದಲ್ಲಿ ಮಣ್ಣಾಗಿದ್ದ.

ದೇವರ ದನ ಎಂದರೆ ಯಾರ ಮನೆಯ ದನವೂ ಅಲ್ಲ, ಇಡೀ ಹಟ್ಟಿಯದು. ಅವಕ್ಕೆ ನೊಗ ಹೂಡುವಂತಿಲ್ಲ, ಮಾರುವಂತಿಲ್ಲ, ಹಾಲು ಮನೆಗೆ ಒಯ್ಯುವಂತಿಲ್ಲ. ಅವನ್ನು ಕಾಯುವವನು ಕಿಲಾರಿ. ಕಿಲಾರಿಯಾದವನು ಕಾಲಿಗೆ ಚಪ್ಪಲಿ ಮೆಟ್ಟಬಾರದು, ಹೋಟೆಲಿನ ತುತ್ತು ಮುಟ್ಟಬಾರದು, ದನದ ಮೇಲೆ ಕೈ ಎತ್ತಬಾರದು. ತಾಯಿ ಸತ್ತಾಗ ದುರುಗಣ್ಣನಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಅಕ್ಕನೇ ಸೊಂಟದ ಮೇಲೆ ಹೊತ್ತು ಬೆಳೆಸಿದಳು. ಅಂಥವನ ಕೈಗೆ ಹಟ್ಟಿಯವರು ಕಿಲಾರಿ ಕೋಲು ಕೊಟ್ಟ ದಿನ ಆಕೆ ಊರಿಗೆಲ್ಲ ಬೆಲ್ಲ ಹಂಚಿದ್ದಳು.

ಇನ್ನೊಂದು ಕಟ್ಟಳೆ ಇತ್ತು. ಹೊಸ ಬೆಳೆ ಬಂದರೆ ಮೊದಲ ಪಾಲು ದೇವರ ದನಕ್ಕೆ. ಅದೇ ಮೀಸಲು. ಮೀಸಲು ಮುಟ್ಟಿಸದೆ ಮನೆಯವರು ಹೊಸ ಕಾಳು ಬಾಯಿಗಿಡುವುದಿಲ್ಲ. ತಂದ ಮೀಸಲನ್ನು ಕಿಲಾರಿ ಬೇಡ ಅನ್ನುವಂತಿಲ್ಲ, ಎಸೆಯುವಂತಿಲ್ಲ. ಕೊಟ್ಟವರು ವಾಪಸ್ ಕೇಳುವುದಂತೂ ಹಟ್ಟಿಯ ಇತಿಹಾಸದಲ್ಲೇ ಇರಲಿಲ್ಲ, ಎಪ್ಪತ್ತೈದನೇ ಇಸವಿಯವರೆಗೆ.

ಆ ವರ್ಷ ಗ್ರಾಮಸೇವಕರ ಮಾತು ಕೇಳಿ ಹೈಬ್ರಿಡ್ ಸಜ್ಜೆ ಬಿತ್ತಿದವಳು ಹಟ್ಟಿಯಲ್ಲಿ ಕೊಲ್ಲಾಪುರಮ್ಮ ಒಬ್ಬಳೇ. ಗಂಡ ಸತ್ತು ಮೂರು ವರ್ಷವಾಗಿತ್ತು. ಹೆಂಗಸು ಏನು ಬೇಸಾಯ ಮಾಡಿಯಾಳು ಎಂದವರ ಬಾಯಿ ಮುಚ್ಚಿಸುವ ಛಲ. ಬೆಳೆಯೂ ಅಷ್ಟೇ ಚಂದ ಎದ್ದಿತು. ಹೂ ಬಿಡುವ ಹೊತ್ತಿಗೆ ಸರಿಯಾಗಿ ಶ್ರಾವಣದ ಸೋನೆ ಹಿಡಿಯಿತು. ಎಂಟು ದಿನ ಬಿಸಿಲಿನ ಮುಖ ಇಲ್ಲ. ಒಂಬತ್ತನೇ ದಿನ ಹೊಲಕ್ಕೆ ಹೋಗಿ ನೋಡಿದರೆ, ಎಷ್ಟೋ ತೆನೆಗಳಿಂದ ಹನಿಹನಿಯಾಗಿ ಅಂಟು ಇಳಿಯುತ್ತಿತ್ತು. ಇರುವೆ ಸಾಲುಗಟ್ಟಿದ್ದವು, ನೊಣ ಗುಂಯ್ ಅನ್ನುತ್ತಿದ್ದವು. ಬೆರಳಿಗೆ ಹಚ್ಚಿಕೊಂಡು ನೆಕ್ಕಿದಳು. ಸಿಹಿ!

"ಅಯ್ಯೋ ನಮ್ಮಪ್ಪಾ ದೇವರೇ, ಜೇನು ಸುರಿಸಿಬಿಟ್ಯಾ!"

ಹಟ್ಟಿಗೆ ಹಟ್ಟಿಯೇ ಬಂದು ನೋಡಿತು. ಯಜಮಾನ ಬೀರಲಿಂಗಪ್ಪ ಮೀಸೆ ಸರಿಸಿಕೊಂಡು ಒಂದು ಹನಿ ನೆಕ್ಕಿ, ಕಣ್ಣು ಮುಚ್ಚಿ, "ನಿನ್ ಹೊಲಕ್ಕೆ ದೇವರು ಬಂದೈತೆ ಕಣಮ್ಮ" ಎಂದ. ಅಷ್ಟು ಸಾಕಾಯಿತು ಆಕೆಗೆ. ಅರಿಶಿನದ ದಾರ ಮಾಡಿಕೊಂಡು, ಮೂರು ದಿನ ಸೊಂಟ ಬಗ್ಗಿಸಿ, ಜೇನು ಬಿದ್ದ ಒಂದೊಂದು ತೆನೆಗೂ ದಾರ ಕಟ್ಟಿದಳು. ಅವೆಲ್ಲ ಮೀಸಲಿಗೆ. ಮನೆಗೆ ಉಳಿದವು ಸಾಕು. ದೇವರಿಗೆ ಕೊಡುವಾಗ ಒಳ್ಳೆಯದನ್ನು ಆರಿಸಿ ಕೊಡಬೇಕು ಎಂದು ತಾಯಿ ಹೇಳಿಕೊಟ್ಟಿದ್ದಳಲ್ಲ.

ಕೊಯ್ಲಿನ ಹೊತ್ತಿಗೆ ಜೇನು ಒಣಗಿತ್ತು. ದಾರ ಕಟ್ಟಿದ ತೆನೆಗಳಲ್ಲಿ ಕಾಳಿನ ನಡುವೆ ಕಪ್ಪಗೆ, ಕಾಳಿಗಿಂತ ಉದ್ದಕ್ಕೆ, ಮೊನಚಾಗಿ ಏನೋ ಮೂಡಿತ್ತು. ಜೇನು ಬಿಸಿಲಿಗೆ ಗಟ್ಟಿಯಾಗಿ ಹೀಗಾಗಿದೆ ಎಂದುಕೊಂಡಳು. ಐದು ಹೊರೆ ತೆನೆ ಹೊರಿಸಿಕೊಂಡು ದನ ಕೂಡುವ ರೊಪ್ಪಕ್ಕೆ ಹೋದಳು. ಹಿಂದೆಂದೂ ಯಾರೂ ಅಷ್ಟು ಮೀಸಲು ಕೊಟ್ಟಿರಲಿಲ್ಲ. ದುರುಗಣ್ಣ ತೆನೆಯನ್ನು ಕಣ್ಣಿಗೊತ್ತಿಕೊಂಡ.

"ಗಬ್ಬದ ಹಸುಗಳಿಗೇ ಹಾಕೋ ತಮ್ಮಾ. ಹಾಲು ಚೆನ್ನಾಗಿ ಇಳೀಲಿ."

"ಆಗ್ಲಿ ಅಕ್ಕ."

ದೀಪಾವಳಿ ಹೊತ್ತಿಗೆ ಹಸುಗಳು ಈಯಲು ಶುರುವಾದವು. ಮೊದಲು ಈದದ್ದು ಹಾಲಗೌರಿ, ಹಿಂಡಿಗೇ ದೊಡ್ಡ ಹಸು, ಹೆಸರೇ ಹಾಲಿನದು. ಅದರ ಕೆಚ್ಚಲು ಸೊರಗಿದ ಬದನೆಕಾಯಿಯ ಹಾಗೆ ಜೋತುಬಿದ್ದಿತ್ತು. ಕರು ಗುದ್ದಿ ಗುದ್ದಿ ಚೀಪಿದರೂ ಒಂದು ತೊಟ್ಟು ಇಲ್ಲ. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಹಸುಗಳು ತೂಕಡಿಸುತ್ತ ನಿಲ್ಲುತ್ತಿದ್ದವು, ಬಾಯಲ್ಲಿ ಜೊಲ್ಲು, ನಡೆದರೆ ಹಿಂಗಾಲು ಅಡ್ಡಾದಿಡ್ಡಿ. ಹುಟ್ಟಿದ ಎರಡು ಕರು ಹಸಿವಿಗೆ ಸತ್ತವು. ಹಾಲಗೌರಿಯ ಕರು ಮಾತ್ರ ಉಸಿರು ಹಿಡಿದಿತ್ತು. ಕೊಲ್ಲಾಪುರಮ್ಮ ತನ್ನ ಮೇಕೆಯನ್ನು ಹಿಡಿದುಕೊಂಡು ದಿನಾ ಎರಡು ಹೊತ್ತು ರೊಪ್ಪಕ್ಕೆ ಹೋದಳು. ಮೇಕೆಯನ್ನು ಚಪ್ಪಡಿಯ ಮೇಲೆ ನಿಲ್ಲಿಸಿದರೆ ಆ ಕರು ಮುಂಗಾಲು ಮಡಿಸಿ ಕೂತು ಕುಡಿಯುತ್ತಿತ್ತು. ನೋಡಿದವರಿಗೆ ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ಹಟ್ಟಿಯವರು ಅದಕ್ಕೆ ಮೇಕೆಗೌರಿ ಎಂದೇ ಹೆಸರಿಟ್ಟರು.

ದೇವರ ಹಸುವಿನ ಹಾಲು ಬತ್ತಿದರೆ ಕಿಲಾರಿಯ ನೇಮ ಕೆಟ್ಟಿದೆ ಅಂತಲೇ ಲೆಕ್ಕ. ಹುಡುಕುವವರಿಗೆ ತಪ್ಪು ಸಿಗುವುದು ಕಷ್ಟವೇ? ಬೀರಲಿಂಗಪ್ಪ ದುರುಗಣ್ಣನನ್ನು ಕರೆಸಿ ಕೇಳಿದ.

"ಜಗಳೂರು ಸಂತೆಯಾಗೆ ನಿನ್ ಕಂಕುಳಾಗೆ ಚಪ್ಪಲಿ ಇದ್ವಂತೆ. ಹೌದೋ ಅಲ್ಲೋ?"

"ಇದ್ವು. ಅಕ್ಕನ ಹಿಮ್ಮಡಿ ಒಡೆದಿತ್ತು. ಆಕೆಗೆ ತಗಂಡೆ."

"ಯಾರಿಗೆ ಗೊತ್ತು? ಬೇಲೀನೇ ಎದ್ದು ಹೊಲ ಮೇಯ್ದ್ರೆ ಕಾಯೋರ್ಯಾರು? ಬರೋ ಸೋಮವಾರ ಕೋಲು ತಂದು ಕಟ್ಟೆ ಮೇಲಿಡು."

ದುರುಗಣ್ಣ ತಲೆಯಾಡಿಸಿ ರೊಪ್ಪಕ್ಕೆ ಬಂದ. ಕೋಲು ಹೋದ ಕಿಲಾರಿಯನ್ನು ಹಟ್ಟಿಯಲ್ಲಿ ಯಾರೂ ಮದುವೆಗೆ ಕರೆಯುವುದಿಲ್ಲ, ಸಾವಿಗೂ ಕರೆಯುವುದಿಲ್ಲ. ಕೊಲ್ಲಾಪುರಮ್ಮನಿಗೆ ಸುದ್ದಿ ಮುಟ್ಟಿತು. ತನ್ನ ಹಿಮ್ಮಡಿಯ ದೆಸೆಯಿಂದ ತಮ್ಮನ ಮಾನ ಹೋಗುತ್ತಿದೆ ಎಂದು ಆ ಚಪ್ಪಲಿಯನ್ನು ಅಟ್ಟಕ್ಕೆ ಎಸೆದಳು.

ಶನಿವಾರ ದನದ ಡಾಕ್ಟರು ಷಣ್ಮುಖಪ್ಪ ಸೈಕಲ್ ತುಳಿದುಕೊಂಡು ಬಂದರು. ಚನ್ನಗಿರಿ ಕಡೆಯ ಕೆರೆಬಿಳಚಿಯವರು, ಅಡಿಕೆ ತೋಟದ ಮನೆತನ, ಆದರೆ ಸಗಣಿ ಮೆತ್ತಿದರೆ ಮುಖ ಕಿವುಚುವವರಲ್ಲ. ಹಸುಗಳ ಕೆಚ್ಚಲು ಹಿಚುಕಿ, ಕಣ್ಣು ಬಿಡಿಸಿ ನೋಡಿ, ಕಡೆಗೆ ಮೂಲೆಯಲ್ಲಿದ್ದ ದಾರದ ತೆನೆಯನ್ನು ಎತ್ತಿಕೊಂಡರು. ಆಗ ರೊಪ್ಪದಲ್ಲಿದ್ದವಳು ಮೇಕೆ ಹಿಡಿದ ಕೊಲ್ಲಾಪುರಮ್ಮ ಮಾತ್ರ. ಅವರು ಅಂಗೈ ಮೇಲೆ ತೆನೆ ತಿಕ್ಕಿ, ಒಂದು ಕಪ್ಪು ಕಾಳನ್ನು ಉಗುರಿನಿಂದ ಮುರಿದರು.

"ಇದನ್ನ ಯಾರವ್ವಾ ತಂದಿದ್ದು?"

"ನಾನೇ. ಜೇನು ಬಿದ್ದ ತೆನೆ ಸ್ವಾಮಿ, ಮೀಸಲು."

"ಬೆಳ್ಳಗಿರೋದೆಲ್ಲ ಹಾಲಲ್ಲ, ಸಿಹಿಯಾಗಿರೋದೆಲ್ಲ ಜೇನಲ್ಲ ಕಣವ್ವಾ. ಇದು ಕಾಳೇ ಅಲ್ಲ, ಬೂಷ್ಟು. ಹೂವಿಗೆ ಹತ್ತಿ ಮೊದಲು ಅಂಟು ಸುರಿಸ್ತೈತೆ, ಆಮೇಲೆ ಹಿಂಗೆ ಕಪ್ಪಾಗಿ ಕೂತ್ಕಂತೈತೆ. ಇದ್ರಾಗೆ ವಿಷ ಐತೆ. ಗಬ್ಬದ ಹಸು ತಿಂದ್ರೆ ಕೆಚ್ಚಲಿಗೆ ಹಾಲು ಇಳಿಯಾಕೆ ಬಿಡಲ್ಲ. ಮನುಷ್ಯರು ತಿಂದ್ರೂ ವಾಂತಿ, ತಲೆಸುತ್ತು. ನಿಮ್ಮನೇಲಿ ಯಾರಿಗೂ ಏನೂ ಆಗಿಲ್ವಾ?"

ಆಗಿರಲಿಲ್ಲ. ಹೇಗೆ ಆದೀತು? ಜೇನಿನ ತೆನೆಯನ್ನೆಲ್ಲ ಆರಿಸಿ ಆರಿಸಿ ದೇವರಿಗೆ ಕೊಟ್ಟು, ಮನೆಗೆ ಉಳಿಸಿಕೊಂಡದ್ದು ಬರೀ ಒಳ್ಳೆಯ ಕಾಳು. ಭಕ್ತಿಯಿಂದ ಸೋಸಿ ಸೋಸಿ ವಿಷ ಉಣಿಸಿದ್ದಳು.

ಷಣ್ಮುಖಪ್ಪ ಆಕೆಯನ್ನು ಕಾವಲಿನ ಅಂಚಿಗೆ ಕರೆದೊಯ್ದರು. ಅಲ್ಲಿನ ಹುಲ್ಲಿನ ತೆನೆಗಳಲ್ಲೂ ಅದೇ ಕಪ್ಪು ಮೊನೆಗಳಿದ್ದವು, ಸಣ್ಣವು. "ನೋಡ್ರಿ, ಹುಲ್ಲಿಗೂ ಹತ್ತೈತೆ. ಇಲ್ಲಿಂದಾನೇ ನಿಮ್ಮ ಸಜ್ಜೆಗೆ ಬಂದಿರಬೇಕು. ನೀವು ಬೇಕಂತ ಮಾಡಿದ್ದಲ್ಲ. ಆ ತೆನೆ ನಿಲ್ಲಿಸ್ರಿ, ದನಾನ ಈ ಕಾವಲಿನಿಂದ ದೂರ ಹೊಡೀರಿ. ಇನ್ನೂ ಈಯೋ ಹಸುಗಳಾದ್ರೂ ಉಳೀತಾವೆ" ಎಂದರು. ಬಿತ್ತನೆ ಕಾಳನ್ನು ಉಪ್ಪುನೀರಿಗೆ ಹಾಕಿದರೆ ಕಪ್ಪೆಲ್ಲ ತೇಲುತ್ತದೆ, ಒಳ್ಳೆಯದು ಮುಳುಗುತ್ತದೆ ಎಂದೂ ಹೇಳಿಕೊಟ್ಟು ಹೋದರು.

ಸಂಜೆ ದನ ತಿರುಗಿ ಬಂದಾಗ ಆಕೆ ತಮ್ಮನಿಗೆ ಎಲ್ಲ ಹೇಳಿದಳು. ದುರುಗಣ್ಣ ತಲೆ ಎತ್ತಲಿಲ್ಲ. ರೊಪ್ಪದ ಗುಡಿಸಲೊಳಗೆ ಹೋಗಿ ಒಂದು ಮಣ್ಣಿನ ಗಡಿಗೆ ತಂದು ಮುಂದಿಟ್ಟ. ಕತ್ತಿನವರೆಗೂ ಕಪ್ಪು ಕಾಳು.

"ಹದಿನೈದು ದಿನದಿಂದ ಆರಿಸ್ತಾ ಇದೀನಿ ಅಕ್ಕ. ಹಸುಗಳು ಇದನ್ನ ತಿಂದ ಮ್ಯಾಲೇ ತೂಕಡಿಸ್ತಿದ್ವು. ಕೈಗೆ ಸಿಕ್ಕಷ್ಟು ಕಿತ್ತು ಹಾಕಿದೆ. ಪೂರಾ ಆಗ್ಲಿಲ್ಲ."

"ಗೊತ್ತಿತ್ತಾ ನಿಂಗೆ? ಮತ್ತೆ ಯಜಮಾನ್ರ ಮುಂದೆ ಯಾಕೆ ಬಾಯಿ ಬಿಡ್ಲಿಲ್ಲ? ಮೂಗ ಏನೋ ನೀನು?"

"ಮೀಸಲು ಬ್ಯಾಡ ಅನ್ನಾಕೆ ಕಿಲಾರಿಗೆ ಬಾಯಿಲ್ಲ. ಎಸೆಯಾಕೆ ಕೈಯಿಲ್ಲ. ಅದಕ್ಕೇ ಗಡಿಗೇಲಿ ಇಟ್ಟೆ." ಗಡಿಗೆಯ ಬಾಯಿಗೆ ಬಟ್ಟೆ ಕಟ್ಟುತ್ತ, "ಹೇಳಿದ್ರೆ ದೇವರ ದನಕ್ಕೆ ವಿಷ ಹಾಕಿದಾಕೆ ಅಂತಿದ್ರು ನಿನ್ನ. ನನ್ ಕೋಲು ಹೋದ್ರೆ ಹೋಗ್ಲಿ ಬಿಡು" ಎಂದ.

ಕೊಲ್ಲಾಪುರಮ್ಮ ಅವನ ಬೆನ್ನಿಗೆ ಒಂದು ಗುದ್ದು ಗುದ್ದಿದಳು. ಸಣ್ಣವನಿದ್ದಾಗ ಗುದ್ದುತ್ತಿದ್ದ ಹಾಗೆಯೇ. ಆಮೇಲೆ ಅವನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು.

ಸೋಮವಾರ ಬೇವಿನ ಕಟ್ಟೆಯಲ್ಲಿ ಹಟ್ಟಿಯ ಗಂಡಸರೆಲ್ಲ ಸೇರಿದ್ದರು. ದುರುಗಣ್ಣ ಕೋಲು ಹಿಡಿದು ನಿಂತಿದ್ದ. ಕೊಲ್ಲಾಪುರಮ್ಮ ಅಟ್ಟದಿಂದ ಚಪ್ಪಲಿ ತೆಗೆದು ಮೆಟ್ಟಿಕೊಂಡೇ ಬಂದಳು. ಕಟ್ಟೆಯ ಮುಂದೆ ಬಿಚ್ಚಿಟ್ಟಳು.

"ಇವೇ ಆ ಚಪ್ಪಲಿ. ಅವನ ಕಾಲಿಗೆ ಹಾಕಿ ನೋಡ್ರಿ, ಹೆಬ್ಬೆರಳೂ ಹಿಡಿಯಲ್ಲ."

ಯಾರೋ ಕಿಸಕ್ಕೆಂದರು. ಬೀರಲಿಂಗಪ್ಪ ಕೆಮ್ಮಿದ. ಆಕೆ ನಿಲ್ಲಲಿಲ್ಲ. ತಾಮ್ರದ ಹಂಡೆಯಲ್ಲಿ ಉಪ್ಪುನೀರು ತರಿಸಿ, ಮೀಸಲಿನ ಕಾಳನ್ನು ಎರಡು ಬೊಗಸೆ ಸುರಿದು, ಕೈಯಾಡಿಸಿದಳು. ಕಾಳು ತಳ ಸೇರಿತು, ನೀರಿನ ಮೇಲೆ ಕಪ್ಪು ಹರಡಿಕೊಂಡಿತು. ಡಾಕ್ಟರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು.

"ಹಸುಗಳ ಹಾಲು ಬತ್ತಿಸಿದ್ದು ನನ್ ಮೀಸಲು. ನಂಗೆ ಗೊತ್ತಿರ್ಲಿಲ್ಲ. ಜೇನು ಅಂತ ನೀವೂ ನೆಕ್ಕಿದ್ರಿ ಯಜಮಾನ್ರೆ, ನಿಮಗೂ ಗೊತ್ತಿರ್ಲಿಲ್ಲ. ಇನ್ನೂ ಎರಡು ಹೊರೆ ಉಳಿದೈತೆ. ನಾನು ಕೊಟ್ಟಿದ್ದನ್ನ ನಾನೇ ವಾಪಸ್ ಕೇಳ್ತಿದೀನಿ. ಕೊಡ್ರಿ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಗುಸುಗುಸು ಮಾಡಿದರು. ಕಡೆಗೆ ಬೀರಲಿಂಗಪ್ಪ ಬಾಯಿ ತೆರೆದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಕೋಲು ದುರುಗಣ್ಣನ ಹತ್ರಾನೇ ಇರ್ಲಿ. ನಿನ್ನ ಹೊರೇನೂ ತಗಂಡು ಹೋಗಮ್ಮ. ಆದ್ರೆ ಕಟ್ಟಳೆ ಅನ್ನೋದು ಒಂದೈತೆ. ಮೀಸಲು ವಾಪಸ್ ಒಯ್ದ ಮನೆಯಿಂದ ಮುಂದೆ ದೇವರ ದನಕ್ಕೆ ಮೀಸಲು ತಗಳ್ಳಂಗಿಲ್ಲ. ನೀನಿರೋವರೆಗೂ."

ಆಕೆ "ಆಗ್ಲಿ" ಎಂದಳು. ಅಜ್ಜಿಯ ಅಜ್ಜಿಯ ಕಾಲದಿಂದ ತಪ್ಪದೆ ನಡೆದದ್ದು ತನ್ನ ಕೈಯಲ್ಲಿ ನಿಂತಿತು. ತಮ್ಮನಿಗೆ ಕೋಲು ಉಳಿಯಿತು ಎಂಬ ಸಂತೋಷದ ಅಡಿಯಲ್ಲೇ ಆ ನೋವು ಕೂತುಬಿಟ್ಟಿತು, ಮತ್ತೆ ಏಳಲಿಲ್ಲ.

ಎರಡು ಹೊರೆಯನ್ನೂ ಗಡಿಗೆಯ ಕಾಳನ್ನೂ ಆಳುದ್ದ ಗುಂಡಿ ತೋಡಿ ಹೂತರು. ದುರುಗಣ್ಣ ದನ ಹೊಡೆದುಕೊಂಡು ಹೊನ್ನಾಳಿಯ ಹೊಳೆದಂಡೆಗೆ ಹೊರಟ, ಕಾವಲಿನ ಹುಲ್ಲು ತೆನೆ ಉದುರಿಸುವವರೆಗೆ. ಮೇಕೆಗೌರಿಯ ಜೊತೆ ಮೇಕೆಯನ್ನೂ ಕಳಿಸಿದಳು ಅಕ್ಕ. ಒಂದೂವರೆ ತಿಂಗಳ ಮೇಲೆ ಬಸ್ಸಿನವರ ಕೈಲಿ ಸುದ್ದಿ ಬಂತು: "ನ್ಯಾಮತಿ ದಾರೀಲಿ ಎರಡು ಹಸು ಈದ್ವಂತೆ. ಕೆಚ್ಚಲು ತುಂಬ ಹಾಲಂತೆ. ಕರು ಕುಡಿದು ಮಿಕ್ಕೈತಂತೆ." ಕೊಲ್ಲಾಪುರಮ್ಮ ಆ ಕಂಡಕ್ಟರಿಗೆ ಕೈತುಂಬ ಶೇಂಗಾ ಕೊಟ್ಟು, ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು.

ಮುಂದಿನ ವರ್ಷ ಉಪ್ಪುನೀರಲ್ಲಿ ತೇಲಿಸಿ ತೊಳೆದ ಬೀಜವನ್ನೇ ಬಿತ್ತಿದಳು. ಸಜ್ಜೆ ಮುತ್ತಿನಂತೆ ಬಂತು. ಬಂದರೇನು? ಮೀಸಲು ಕೊಡದೆ ಹೊಸ ಕಾಳು ಮುಟ್ಟಲು ಮನಸ್ಸಿಲ್ಲ, ಕೊಡಲು ದಾರಿಯಿಲ್ಲ. ಒಂದು ದಿನ ಹೀಗೇ ಹೊಲದಲ್ಲಿ ಮುಖ ಗಂಟಿಕ್ಕಿಕೊಂಡು ನಿಂತಿದ್ದಾಗ ಬಡಗಣ ಮೂಲೆಯಲ್ಲಿ ಬೇಲಿ ಲಟಲಟ ಮುರಿದ ಸದ್ದು. ನೋಡಿದರೆ ಮೇಕೆಗೌರಿ! ವರ್ಷದ ಕಡಸು, ಈಕೆಯ ವಾಸನೆ ಹಿಡಿದು ನುಗ್ಗಿ ಬಂದು, ಸಜ್ಜೆಯ ತೆನೆಗೆ ಬಾಯಿ ಹಾಕಿತ್ತು. ಕೋಲೆತ್ತಿ ಓಡಿದವಳು ಅರ್ಧಕ್ಕೇ ನಿಂತಳು. ಕಾವಲಿನ ಕಡೆ ದುರುಗಣ್ಣ ಇವಳಿಗೆ ಬೆನ್ನು ಮಾಡಿ ನಿಂತು ಆಕಾಶ ನೋಡುತ್ತಿದ್ದ.

"ಏನೋ ನೋಡ್ತಿದೀಯ ಅಲ್ಲಿ?"

"ಮಳೆ ನೋಡ್ತಿದೀನಿ ಅಕ್ಕ. ಬರಂಗೈತೆ."

ಆಕಾಶದಲ್ಲಿ ಅಂಗೈಯಗಲ ಮೋಡ ಇರಲಿಲ್ಲ. ಕೊಲ್ಲಾಪುರಮ್ಮನಿಗೆ ಆಗ ಹೊಳೆಯಿತು. ಕೊಟ್ಟರೆ ಮೀಸಲು. ತಾನಾಗಿ ನುಗ್ಗಿ ತಿಂದರೆ ಅದು ಕಳವು. ಕಳವಿಗೆ ಹಟ್ಟಿಯಲ್ಲಿ ಕಟ್ಟಳೆ ಇರಲಿಲ್ಲ. ಅಂದು ರಾತ್ರಿ ಆಕೆಯ ಮನೆಯಲ್ಲಿ ಹೊಸ ಸಜ್ಜೆಯ ರೊಟ್ಟಿ ಬೆಂದವು. ಆ ಕಂಡಿ ಮಾತ್ರ ಮತ್ತೆ ಮುಚ್ಚಲಿಲ್ಲ. ಪ್ರತಿ ಸುಗ್ಗಿಗೂ ಮೇಕೆಗೌರಿ ಬಂದಳು, ಪ್ರತಿ ಸುಗ್ಗಿಗೂ ದುರುಗಣ್ಣ ಮಳೆ ನೋಡಿದ. ಅಕ್ಕ ತಮ್ಮ ಈ ವಿಷಯವನ್ನು ಒಂದು ದಿನವೂ ಮಾತಾಡಲಿಲ್ಲ. ಎಷ್ಟು ಚಂದದ ದಿನಗಳು ಅವು! ಈಗ ನೆನೆದರೆ ಕರುಳು ಹಿಂಡುತ್ತದೆ.

ಎಂಬತ್ತೆಂಟರ ಆ ನಾಲ್ಕನೇ ದಿನ, ಮಧ್ಯಾಹ್ನ ತಿರುಗುವ ಹೊತ್ತಿಗೆ ಗಂಟೆ ಸದ್ದು ಕೇಳಿತು. ಕೊಲ್ಲಾಪುರಮ್ಮ ದಡಬಡಿಸಿ ಎದ್ದಳು. ದೇವರ ದನ ಕಾವಲಿನ ಏರು ಹತ್ತಿ ಬರುತ್ತಿದ್ದವು, ಮುಂದೆ ಮುದಿ ಮೇಕೆಗೌರಿ. ಹಿಂದೆ ಹೊಸ ಕಿಲಾರಿ ಚಿಕ್ಕಹನುಮಂತಪ್ಪ, ಹುರಿಮೀಸೆಯ ಆಸಾಮಿ, ಕಟ್ಟಳೆ ಅಂದರೆ ಕಟ್ಟಳೆ ಎನ್ನುವ ಕಡಕ್ ಮನುಷ್ಯ. ಹಸು ಕಂಡಿಯ ಹತ್ತಿರ ಬಂದು ನಿಂತಿತು. ಒಳಗೆ ಮೂಗು ಚಾಚಿತು. ಚಿಕ್ಕಹನುಮಂತಪ್ಪ ದಾಪುಗಾಲು ಹಾಕಿ ಮುಂದೆ ಬಂದ, ಕೈಯಲ್ಲಿ ದುರುಗಣ್ಣನ ಕೋಲು. ಮುಗೀತು, ಅಡ್ಡ ಹಿಡಿದು ತಿರುಗಿಸುತ್ತಾನೆ ಎಂದುಕೊಂಡಳು ಆಕೆ.

ಅವನು ಕಂಡಿಯನ್ನು ನೋಡಿದ, ಹಸುವನ್ನು ನೋಡಿದ, ಆಕೆಯನ್ನು ನೋಡಿದ. ಕೋಲನ್ನು ನೆಲಕ್ಕೂರಿ, ಬೆನ್ನು ತಿರುಗಿಸಿ ನಿಂತು, ತಲೆ ಮೇಲೆತ್ತಿದ. ಮೇಕೆಗೌರಿ ಒಳಗೆ ಬಂದು ಸಜ್ಜೆಗೆ ಬಾಯಿ ಹಾಕಿದಳು.

ಕೊಲ್ಲಾಪುರಮ್ಮ ಕಂಡಿಯ ಆಚೆ ತಲೆ ಹಾಕಿದಳು. "ಏನಪ್ಪಾ ನೋಡ್ತಿದೀಯ ಅಲ್ಲಿ?"

"ಮಳೆ ಕಣಮ್ಮ," ಎಂದ ಚಿಕ್ಕಹನುಮಂತಪ್ಪ, ತಿರುಗದೆಯೇ. "ಕೋಲು ಕೊಡುವಾಗ ದುರುಗಣ್ಣ ಎಲ್ಲ ಹೇಳಿಕೊಟ್ಟಿದ್ರು. ಎಲ್ಲಿ ನೀರು ಕುಡಿಸಬೇಕು, ಯಾವ ಬಂಡೆ ಕೆಳಗೆ ಹಾವು ಐತೆ, ಎಲ್ಲ. ಈ ಮೂಲೆಗೆ ಬಂದಾಗ ಮಾತ್ರ ಮಳೆ ನೋಡ್ಬೇಕು ಅಂದ್ರು. ಯಾಕೆ ಅಂತ ಕೇಳಿದ್ದಕ್ಕೆ ಹೇಳ್ಲಿಲ್ಲ."

ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಮೂಗು ಒರೆಸಿಕೊಂಡಳು. ಆಮೇಲೆ ಹೊಲದ ಆ ತುದಿಗೆ ಕೇಳುವಂತೆ ಕೂಗಿದಳು:

"ಅಂಜಮ್ಮಾ, ನಿಂತು ಏನ್ ನೋಡ್ತೀಯೇ? ಮನೆಗ್ಹೋಗಿ ಹೊಸ ಸಜ್ಜೆ ಬೀಸು ನಡಿ!"